ಫ್ರಿಜ್ಜಿನೊಳಗೆ ಒಂದು ಟ್ರಾನ್ಸಿಸ್ಟರ್

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಕೋರ್ಟು ನಡೆಯುತ್ತಿತ್ತು. ಆರೋಪಿ ಅಮ್ಮ. ಆರೋಪ, ಕದ್ದು ಸಿಹಿ ತಿನ್ನುವುದು. ಅಪ್ಪ ಜಡ್ಜು, ನಾನು ಸರ್ಕಾರಿ ವಕೀಲಿ. ಸಾಕ್ಷಿ ಹೇಳುತ್ತಿದ್ದದ್ದು ಮೇಜಿನ ಮೇಲಿದ್ದ ಪುಟ್ಟ ಗ್ಲುಕೋಮೀಟರ್.

ಅಮ್ಮನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹನ್ನೊಂದು ವರ್ಷ. ಮೂರು ವರ್ಷದಿಂದ ದಿನಕ್ಕೆ ಎರಡು ಸಲ ಇನ್ಸುಲಿನ್. ಖಾಲಿ ಹೊಟ್ಟೆಯಲ್ಲಿ 130, 140 ಇರುತ್ತಿದ್ದ ಅಂಕಿ ಯುಗಾದಿ ಕಳೆದ ಮೇಲೆ ಏರುತ್ತಾ ಹೋಯಿತು. ಒಂದು ದಿನ 190, ಇನ್ನೊಂದು ದಿನ 215, ಆಮೇಲೆ 240. ಊಟ ಅದೇ, ವಾಕಿಂಗ್ ಅದೇ, ಡೋಸ್ ಅದೇ.

“ಹಬ್ಬಕ್ಕೆ ಮಾಡಿದ ಒಬ್ಬಟ್ಟು ಡಬ್ಬೀಲಿ ಹತ್ತು ಉಳಿದಿತ್ತಲ್ಲ, ಎಲ್ಲಿ ಹೋಯ್ತು?” ಅಂತ ನಾನೇ ಕೇಳಿದೆ.

“ನಾನು ತಿಂದಿಲ್ಲ ಕಣೇ” ಅಂದಳು ಅಮ್ಮ.

“ಹಾಗಾದ್ರೆ ಶುಗರ್ ಯಾಕೆ ಏರ್ತಿದೆ?”

ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಸುಮ್ಮನೆ ಒಳಗೆ ಹೋದಳು. ಆ ಮೌನವನ್ನು ನಾವು ತಪ್ಪೊಪ್ಪಿಗೆ ಅಂತಲೇ ತಿಳಿದೆವು. ಅದು ಎಷ್ಟು ದೊಡ್ಡ ತಪ್ಪಾಗಿತ್ತು ಅಂತ ಗೊತ್ತಾಗಿದ್ದು ಎರಡು ರೂಪಾಯಿಯ ಒಂದು ಟ್ರಾನ್ಸಿಸ್ಟರಿನಿಂದ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ. ನಿಮ್ಮ ಮನೆಯ ಫ್ರಿಜ್ಜಿನಲ್ಲೂ ಇನ್ಸುಲಿನ್ ಇದ್ದರೆ ದಯವಿಟ್ಟು ಕೊನೆಯವರೆಗೂ ಓದಿ.

ಮೊದಲ ಅನುಮಾನ ಕರೆಂಟಿನ ಮೇಲೆ

ನಮ್ಮ ಮನೆ ಕೆ.ಆರ್. ಪುರದ ಕಡೆ. ಬೆಂಗಳೂರು ತಂಪು ಊರು ಅನ್ನುವ ಮಾತು ಈಗ ಹಳೇ ಸಿನಿಮಾಗಳಲ್ಲಿ ಮಾತ್ರ ನಿಜ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ನಮ್ಮದು ಮೇಲಿನ ಮಹಡಿ, ಮಧ್ಯಾಹ್ನ ತಾರಸಿ ಕಾದರೆ ರಾತ್ರಿ ಹನ್ನೊಂದರವರೆಗೂ ಅಡುಗೆಮನೆ ಬೆಚ್ಚಗೇ ಇರುತ್ತದೆ. ಬೇಸಿಗೆಯಲ್ಲಿ ಒಂದೆರಡು ಗಂಟೆ ಕರೆಂಟ್ ಹೋಗುವುದೂ ಇದ್ದದ್ದೇ.

ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು ಅಂತ ಪೆಟ್ಟಿಗೆಯ ಮೇಲೇ ಬರೆದಿರುತ್ತಾರೆ. ಹಾಗಾಗಿ ಒಂದು ರಾತ್ರಿ ಕರೆಂಟ್ ಹೋದಾಗ ನನಗೆ ಹೊಳೆಯಿತು. ಅಮ್ಮ ಸಿಹಿ ತಿಂದಿಲ್ಲ ಅನ್ನುವುದು ನಿಜವೇ ಆಗಿದ್ದರೆ, ಔಷಧಿಯೇ ಬಿಸಿಗೆ ಕೆಟ್ಟಿರಬಹುದಲ್ಲ? ನಮ್ಮ ಫ್ರಿಜ್ಜಿನೊಳಗೆ ಎಷ್ಟು ಡಿಗ್ರಿ ಇದೆ ಅಂತ ನಮಗೆ ಯಾರಿಗಾದರೂ ಗೊತ್ತೇ?

ಗೊತ್ತಿರಲಿಲ್ಲ. ಹನ್ನೆರಡು ವರ್ಷದ ಹಳೇ ಸಿಂಗಲ್ ಡೋರ್ ಫ್ರಿಜ್ಜು. ಅದರಲ್ಲಿ ಡಿಗ್ರಿ ತೋರಿಸುವ ಪರದೆ ಇಲ್ಲ, 1ರಿಂದ 7ರವರೆಗೆ ಅಂಕಿ ಬರೆದ ಒಂದು ನಾಬ್ ಇದೆ ಅಷ್ಟೆ. ಮೆಡಿಕಲ್ ಶಾಪಿಗೆ ಹೋದರೆ ಅಲ್ಲಿದ್ದದ್ದು ಜ್ವರ ನೋಡುವ ಥರ್ಮಾಮೀಟರ್. ಅದು ಫ್ರಿಜ್ಜಿನ ಚಳಿಯನ್ನು ಅಳೆಯುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದರೆ ಮೂರು ದಿನ.

“ಥರ್ಮಾಮೀಟರ್ ಯಾಕೆ? ಒಂದು ಟ್ರಾನ್ಸಿಸ್ಟರ್ ಸಾಕಲ್ಲ” ಅಂದರು ಅಪ್ಪ.

ಹೆಸರಲ್ಲೇ ‘ಬಿಸಿ’

ಅಪ್ಪ ಐಟಿಐನಲ್ಲಿ ಟೆಕ್ನಿಷಿಯನ್ ಆಗಿದ್ದವರು. ನಮ್ಮ ಪೂರ್ವ ಬೆಂಗಳೂರಿನವರಿಗೆ ಐಟಿಐ ಅಂದರೆ ತರಬೇತಿ ಶಾಲೆ ಅಲ್ಲ, ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಶುರುವಾದ ಕಾರ್ಖಾನೆ. ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೊರಟರೆ ಇಂದಿರಾನಗರ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಟಿನ್ ಫ್ಯಾಕ್ಟರಿ, ಆಮೇಲೆ ಐಟಿಐ ಗೇಟು. ಒಂದು ಕಾಲಕ್ಕೆ ಆ ರಸ್ತೆ ಶಿಫ್ಟಿನ ಸೈರನ್ನಿಗೆ ಏಳುತ್ತಿತ್ತು, ಮಲಗುತ್ತಿತ್ತು. ಎನ್‌ಜಿಇಎಫ್ ಮುಚ್ಚಿ ವರ್ಷಗಳಾದವು. ಈಗ ಅದೇ ದಾರಿಯಲ್ಲಿ ನಾನು ನೇರಳೆ ಮೆಟ್ರೋ ಹತ್ತಿ ಇಂದಿರಾನಗರದ ಆಫೀಸಿಗೆ ಹೋಗುತ್ತೇನೆ.

ಅಪ್ಪನ ಹತ್ತಿರ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ. ಎಸ್‌.ಪಿ. ರಸ್ತೆಯಲ್ಲಿ ಯಾವ್ಯಾವಾಗಲೋ ಕೊಂಡ ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರುಗಳು ಅದರಲ್ಲಿ ಸಾಸಿವೆ ಮೆಂತ್ಯದ ಹಾಗೆ ಕಲಸಿಕೊಂಡಿವೆ. ಅದರಿಂದ ಕಪ್ಪಗಿನ, ಮೂರು ಕಾಲಿನ, ಮೆಣಸಿನಕಾಳಿಗಿಂತ ಸ್ವಲ್ಪವೇ ದೊಡ್ಡದಾದ ಒಂದನ್ನು ಆರಿಸಿ ಕೊಟ್ಟರು. ಬಿಸಿ 547.

“ಹೆಸರಲ್ಲೇ ಬಿಸಿ ಇದೆಯಲ್ಲ, ಅಳೆಯುತ್ತೆ ಬಿಡು” ಅಂದಳು ಅಮ್ಮ. ಆ ವಾರ ಅವಳು ನಕ್ಕಿದ್ದು ಅದೊಂದೇ ಸಲ.

ನಮ್ಮ ಅಜ್ಜಿಗೆ ಟ್ರಾನ್ಸಿಸ್ಟರ್ ಅಂದರೆ ರೇಡಿಯೊ. ಹೊಲಕ್ಕೆ, ಕಣಕ್ಕೆ, ಕೊಟ್ಟಿಗೆಗೆ ಹೊತ್ತೊಯ್ಯುತ್ತಿದ್ದ ಆ ಪೆಟ್ಟಿಗೆಗೆ ಹೆಸರು ಬಂದದ್ದು ಒಳಗಿನ ಈ ಕಾಳುಗಳಿಂದಲೇ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿತು. ಅದಕ್ಕಾಗಿ ಬಾರ್ಡೀನ್, ಬ್ರಾಟೈನ್, ಶಾಕ್ಲಿ ಮೂವರಿಗೂ 1956ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮೂರಿನ ಆ ತುದಿಯಲ್ಲಿ, ಜಾಲಹಳ್ಳಿಯ ಬಿಇಎಲ್‌ನಲ್ಲಿ ತಯಾರಾದ ಟ್ರಾನ್ಸಿಸ್ಟರುಗಳು ದೇಶದ ಎಷ್ಟೋ ರೇಡಿಯೊಗಳೊಳಗೆ ಕೂತವು.

ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ರೇಡಿಯೊ ಬಿಸಿಲಿಗಿಟ್ಟರೆ ದನಿ ಒಡೆಯುತ್ತಿತ್ತು ಅಂತ ಅಪ್ಪ ಹೇಳುತ್ತಾರೆ. ಬಿಸಿಯಾದಂತೆ ಒಳಗೆ ಬೇಡದ ಕರೆಂಟ್ ಸೋರಲು ಶುರುವಾಗುತ್ತದೆ. ಸಿಲಿಕಾನ್ ಬಂದ ಮೇಲೆ ಆ ಕಾಟ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನಮಗೆ ‘ಬಯಾಸ್ ಸ್ಟೆಬಿಲೈಸೇಷನ್’ ಅಂತ ಒಂದು ಇಡೀ ಅಧ್ಯಾಯ ಇತ್ತು. ತಾಪ ಬದಲಾದರೆ ಟ್ರಾನ್ಸಿಸ್ಟರ್ ದಾರಿ ತಪ್ಪುತ್ತದೆ, ತಪ್ಪದ ಹಾಗೆ ಹೇಗೆ ಹಿಡಿದಿಡಬೇಕು ಅಂತ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದು ಪಾಸಾಗಿದ್ದೆ. ಆ ದಾರಿ ತಪ್ಪುವುದೂ ಒಂದು ಲೆಕ್ಕದ ಪ್ರಕಾರವೇ, ಆ ಲೆಕ್ಕವೇ ಒಂದು ಥರ್ಮಾಮೀಟರ್ ಅಂತ ಮಾತ್ರ ಹೊಳೆದಿರಲಿಲ್ಲ.

ಹೊಸ್ತಿಲಿನ ಲೆಕ್ಕ

ಟ್ರಾನ್ಸಿಸ್ಟರಿನ ಮೂರು ಕಾಲುಗಳ ಹೆಸರು ಕಲೆಕ್ಟರ್, ಬೇಸ್, ಎಮಿಟರ್. ಬೇಸ್ ಮತ್ತು ಎಮಿಟರ್ ನಡುವೆ ಒಂದು ಹೊಸ್ತಿಲಿದೆ ಅಂದುಕೊಳ್ಳಿ. ಕರೆಂಟ್ ಅದನ್ನು ದಾಟಬೇಕಾದರೆ ಸುಮಾರು 0.6 ವೋಲ್ಟ್ ತಳ್ಳು ಬೇಕು. ಬಿಸಿಯಾದಾಗ ಒಳಗಿನ ಎಲೆಕ್ಟ್ರಾನುಗಳಿಗೆ ತಾವಾಗಿಯೇ ಹೆಚ್ಚು ಚೈತನ್ಯ ಬರುತ್ತದೆ, ಅಷ್ಟೇ ಕರೆಂಟ್ ದಾಟಿಸಲು ಮೊದಲಿಗಿಂತ ಕಡಿಮೆ ತಳ್ಳು ಸಾಕಾಗುತ್ತದೆ. ಒಂದು ಡಿಗ್ರಿ ಏರಿದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಅಂದರೆ ಒಂದು ವೋಲ್ಟಿನ ಸಾವಿರದಲ್ಲಿ ಎರಡು ಪಾಲು. ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ ಕೂಡ 1 ಮಿಲಿವೋಲ್ಟಿನ ವ್ಯತ್ಯಾಸ ತೋರಿಸುತ್ತದೆ. ಹಾಗಾಗಿ ಅರ್ಧ ಡಿಗ್ರಿಯ ಬದಲಾವಣೆ ಕಣ್ಣಿಗೆ ಕಾಣುತ್ತದೆ.

ಮಾಡುವುದು ಬಹಳ ಸುಲಭ. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆಗಿರಲಿ, ಕಾಲುಗಳು ಕೆಳಗಿರಲಿ. ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಮೊದಲ ಎರಡನ್ನು ಒಟ್ಟಿಗೆ ಸೇರಿಸಿ ಬೆಸುಗೆ ಹಾಕಿ. ಈಗ ಮೂರು ಕಾಲಿನದು ಎರಡು ಕಾಲಿನದಾಯಿತು. ಆ ಜೋಡಿ ಕಾಲಿಗೆ 47 ಕಿಲೋ ಓಮ್‌ನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟಿನ ಪ್ಲಸ್ ಕೊಡಿ. ಎಮಿಟರಿಗೆ ಮೈನಸ್. ಮೊಬೈಲ್ ಚಾರ್ಜರಿನ 5 ವೋಲ್ಟ್ ಸಾಕು, ಗೋಡೆಯ 230 ವೋಲ್ಟಿನ ತಂಟೆಗೆ ಹೋಗುವುದೇ ಬೇಡ. ಮಲ್ಟಿಮೀಟರಿನ ಕೆಂಪು ಕಡ್ಡಿ ಜೋಡಿ ಕಾಲಿಗೆ, ಕಪ್ಪು ಕಡ್ಡಿ ಎಮಿಟರಿಗೆ. ಮುಗಿಯಿತು.

47 ಕಿಲೋ ಓಮ್ ಯಾಕೆ? ಹರಿಯುವ ಕರೆಂಟ್ 0.1 ಮಿಲಿಆಂಪಿಯರಿಗಿಂತ ಕಡಿಮೆ ಇರಲಿ ಅಂತ. ಹೆಚ್ಚು ಹರಿದರೆ ಟ್ರಾನ್ಸಿಸ್ಟರ್ ತನ್ನ ಬಿಸಿಯನ್ನೇ ಅಳೆಯಲು ಶುರು ಮಾಡುತ್ತದೆ. ಚಾರ್ಜರಿನ 5 ವೋಲ್ಟ್ ಆಚೀಚೆ ಆದರೆ? 4.9 ಆದರೂ ನಮ್ಮ ಅಂಕಿ ಅರ್ಧ ಮಿಲಿವೋಲ್ಟಿನಷ್ಟು ಅಲುಗಬಹುದು, ಅಷ್ಟೆ.

ಫ್ರಿಜ್ಜಿನೊಳಗೆ ನೀರು ಹನಿಯುತ್ತದಲ್ಲ, ಆದ್ದರಿಂದ ಕಾಲುಗಳಿಗೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಮೇಲೆ ಅರಾಲ್ಡೈಟ್ ಮೆತ್ತಿದೆವು. ವೈರಿಗೆ ಅಪ್ಪ ಹಳೇ ಲ್ಯಾಂಡ್‌ಲೈನಿನ ತೆಳು ವೈರನ್ನೇ ತೆಗೆದರು. ಫ್ರಿಜ್ಜಿನ ಬಾಗಿಲಿನ ರಬ್ಬರ್ ನಡುವೆ ತೂರಿದರೂ ಬಾಗಿಲು ಸರಿಯಾಗಿ ಮುಚ್ಚುತ್ತಿತ್ತು.

ಮೊದಲ ಸಲ ಕರೆಂಟ್ ಕೊಟ್ಟಾಗ ಮೀಟರ್ 567 ತೋರಿಸಿತು. ಬೆರಳಲ್ಲಿ ಹಿಡಿದುಕೊಂಡೆ. 566, 564, 561.

“ಅಪ್ಪಾ, ಇಳೀತಿದೆ! ಏನೋ ತಪ್ಪಾಗಿದೆ.”

“ತಪ್ಪಿಲ್ಲ ಪುಟ್ಟಿ. ಬಿಸಿಯಾದ್ರೆ ಇಳಿಯುತ್ತೆ, ತಣ್ಣಗಾದ್ರೆ ಏರುತ್ತೆ. ಈಗ ತಾನೇ ಹೇಳಲಿಲ್ವಾ? ತಲೇಲಿ ಇಟ್ಕೋ.”

ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ

ಮಿಲಿವೋಲ್ಟನ್ನು ಡಿಗ್ರಿ ಮಾಡಬೇಕಾದರೆ ಗೊತ್ತಿರುವ ಎರಡು ತಾಪ ಬೇಕು. ಒಂದು, ಕರಗುತ್ತಿರುವ ಮಂಜುಗಡ್ಡೆ. ಐಸ್ ಕ್ಯೂಬುಗಳನ್ನು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟಿ, ಲೋಟಕ್ಕೆ ಹಾಕಿ, ತುಸುವೇ ನೀರು ಸೇರಿಸಿ ಕಲಸುತ್ತಾ ಇದ್ದರೆ ಅದು 0 ಡಿಗ್ರಿ. ಬರೀ ನೀರಿನಲ್ಲಿ ಎರಡು ತುಂಡು ಐಸ್ ತೇಲಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸೆನ್ಸರ್ ಅಲ್ಲಿ 638ಕ್ಕೆ ನಿಂತಿತು.

ಎರಡನೆಯದು ಕುದಿಯುವ ನೀರು. 100 ಅಂತ ನಾನು ಬರೆದುಕೊಳ್ಳುತ್ತಿದ್ದಾಗ ಅಪ್ಪ ತಡೆದರು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಹಿಡಿದರೆ ನಮ್ಮೂರಲ್ಲಿ ನೀರು ಕುದಿಯುವುದು ಹತ್ತಿರ ಹತ್ತಿರ 97ಕ್ಕೆ. ಮಂಗಳೂರಿನ ಅತ್ತೆ ಮನೆಯಲ್ಲಿ ಬೇಳೆ ಬೇಗ ಬೇಯುತ್ತದೆ ಅಂತ ಅಮ್ಮ ಹೇಳುವುದು ಸುಮ್ಮನೆ ಅಲ್ಲ.

ಕುದಿಯುವ ನೀರಿನಲ್ಲಿ ಮೀಟರ್ 417 ತೋರಿಸಿತು. 638ರಿಂದ 417 ಕಳೆದರೆ 221. ಅದನ್ನು 97ರಿಂದ ಭಾಗಿಸಿದರೆ ಡಿಗ್ರಿಗೆ 2.28 ಮಿಲಿವೋಲ್ಟ್. ಅಂದರೆ ಮೀಟರಿನ ಅಂಕಿಯನ್ನು 638ರಿಂದ ಕಳೆದು, ಬಂದದ್ದನ್ನು 2.28ರಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ. ಮೊದಲು ನೋಡಿದ 567 ಅಂದರೆ 31 ಡಿಗ್ರಿ. ರಾತ್ರಿ ಹತ್ತು ಗಂಟೆಗೆ ನಮ್ಮ ಅಡುಗೆಮನೆ!

ಈ ಅಂಕಿಗಳು ನಮ್ಮ ಟ್ರಾನ್ಸಿಸ್ಟರಿನವು. ಅದೇ ಡಬ್ಬಿಯ ಇನ್ನೊಂದು ಬಿಸಿ 547 ತೆಗೆದರೆ ಮಂಜಿನಲ್ಲಿ 641 ತೋರಿಸಬಹುದು, 633 ತೋರಿಸಬಹುದು. ಅಕ್ಕತಂಗಿಯರ ಹಾಗೆ, ಹೋಲಿಕೆ ಇರುತ್ತದೆ, ಒಂದೇ ಅಲ್ಲ. ಪ್ರತಿಯೊಂದನ್ನೂ ಬೇರೆಯಾಗಿಯೇ ಅಳೆದು ನೋಡಬೇಕು.

ಫ್ರಿಜ್ಜು ನಿರ್ದೋಷಿ, ಹಾಗಾದರೆ?

ಕಾಲೇಜು ಪ್ರಾಜೆಕ್ಟಿನಿಂದ ಉಳಿದಿದ್ದ ಒಂದು ಆರ್ಡುಯಿನೊ ಬೋರ್ಡಿತ್ತು. ಸೆನ್ಸರನ್ನು ಅದಕ್ಕೆ ಜೋಡಿಸಿ, ಮಲ್ಟಿಮೀಟರಿನ ಜೊತೆ ಹೋಲಿಸಿ ಸರಿಮಾಡಿಕೊಂಡು, ನಿಮಿಷಕ್ಕೊಮ್ಮೆ ಅಂಕಿ ಬರೆದಿಡುವ ಹತ್ತು ಸಾಲಿನ ಪ್ರೋಗ್ರಾಂ ಬರೆದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದರಿಂದ ಕರೆಂಟ್ ಹೋದರೂ ಲೆಕ್ಕ ನಿಲ್ಲುತ್ತಿರಲಿಲ್ಲ. ಸೆನ್ಸರನ್ನು ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ಹಾಲಿನ ಪಾತ್ರೆಯ ಪಕ್ಕ ಇಟ್ಟೆ.

ಮೂರು ದಿನ ನೋಡಿದೆವು. ಅಂಕಿ 631ರ ಆಸುಪಾಸು, ಅಂದರೆ 3 ಡಿಗ್ರಿ. ಎರಡನೇ ದಿನ ಎರಡು ಗಂಟೆ ಕರೆಂಟ್ ಹೋಯಿತು. ಬಾಗಿಲು ತೆಗೆಯಬೇಡಿ ಅಂತ ಎಲ್ಲರಿಗೂ ಹೇಳಿದ್ದೆ. ಅಂಕಿ ಮೆಲ್ಲಗೆ 622ಕ್ಕೆ ಇಳಿಯಿತು, ಅಂದರೆ 7 ಡಿಗ್ರಿ. ಕರೆಂಟ್ ಬಂದ ಮೇಲೆ ಮತ್ತೆ ಮೊದಲಿನ ಜಾಗಕ್ಕೆ. ಎಲ್ಲವೂ 2ರಿಂದ 8ರ ಒಳಗೇ.

ಫ್ರಿಜ್ಜಿನದು ತಪ್ಪಿಲ್ಲ, ಕರೆಂಟಿನದೂ ತಪ್ಪಿಲ್ಲ. ಉಳಿದದ್ದು ಯಾರು?

ನಾಲ್ಕನೇ ದಿನ ಬೆಳಿಗ್ಗೆ ಅಮ್ಮನ ಶುಗರ್ 251. ನಾನು ಲ್ಯಾಪ್‌ಟಾಪಿನಲ್ಲಿ ಗ್ರಾಫ್ ತೋರಿಸಿದೆ. “ನೋಡು ಅಮ್ಮ, ಔಷಧಿ ಸರಿಯಾಗೇ ಇದೆ. ನೀನು ನಿಜ ಹೇಳಿದ್ರೆ ಡಾಕ್ಟ್ರ ಹತ್ರ ಹೇಳೋಕೆ ಸುಲಭ ಆಗುತ್ತೆ” ಅಂದೆ. ಬೈಯಲಿಲ್ಲ, ಸಮಾಧಾನವಾಗಿಯೇ ಹೇಳಿದೆ. ಬೈದಿದ್ದರೇ ವಾಸಿಯಿತ್ತು ಅಂತ ಈಗ ಅನಿಸುತ್ತದೆ. ಅಮ್ಮ ಗ್ರಾಫನ್ನು ನೋಡಿದಳು, ನನ್ನನ್ನು ನೋಡಿದಳು. “ನಿನ್ನ ಮಿಷನ್ನು ಹೇಳಿದ ಮೇಲೆ ನಾನೇನು ಹೇಳೋದು” ಅಂದು ಕುಕ್ಕರ್ ಇಡಲು ಹೋದಳು.

ಆಂಟಿ ಕೇಳಿದ ಒಂದು ಪ್ರಶ್ನೆ

ಪಕ್ಕದ ಮನೆ ಆಂಟಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಎಎನ್‌ಎಂ ಆಗಿದ್ದು ನಿವೃತ್ತರಾದವರು. ಸಂಜೆ ಕರಿಬೇವು ಕೇಳಲು ಬಂದವರು ಫ್ರಿಜ್ಜಿನಿಂದ ಹೊರಗೆ ಇಳಿಬಿದ್ದಿದ್ದ ವೈರು ನೋಡಿ ಏನಿದು ಅಂದರು. ಎಲ್ಲ ಹೇಳಿದೆ.

“ಔಷಧಿ ಎಲ್ಲಿಟ್ಟಿದೀರೋ ಅಲ್ಲೇ ಇಟ್ಟು ನೋಡಿದ್ಯೇನಮ್ಮ?”

ಇಲ್ಲ. ನಾನು ನೋಡಿದ್ದು ಹಾಲಿನ ಪಾತ್ರೆಯ ಪಕ್ಕ. ಇನ್ಸುಲಿನ್ ಇದ್ದದ್ದು ಮೇಲೆ, ಫ್ರೀಜರಿನ ಕೆಳಗಿನ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ಒರಗಿಕೊಂಡು. ಬೇಸಿಗೆ ಜಾಸ್ತಿ, ತಣ್ಣಗಿರಲಿ ಅಂತ ಅಮ್ಮ ಅದನ್ನು ಎಲ್ಲಕ್ಕಿಂತ ತಂಪಾದ ಜಾಗದಲ್ಲಿ ಜೋಪಾನ ಮಾಡಿದ್ದಳು.

“ನಮ್ಮ ಪಿಎಚ್‌ಸೀಲಿ ಲಸಿಕೆ ಫ್ರಿಜ್ಜಿನ ಟೆಂಪರೇಚರ್ ದಿನಕ್ಕೆ ಎರಡು ಸಲ ಬರೀಬೇಕಿತ್ತು” ಅಂದರು ಆಂಟಿ. “ಬಿಸಿಯಾದ್ರೆ ಕೆಡುತ್ತೆ ಅಂತ ಎಲ್ರಿಗೂ ಗೊತ್ತು. ಹೆಪ್ಪುಗಟ್ಟಿದ್ರೂ ಕೆಡುತ್ತೆ ಅನ್ನೋದೇ ಮರೀತಾರೆ. ಕೆಲವು ಲಸಿಕೆ ಹೆಪ್ಪುಗಟ್ಟಿತ್ತಾ ಇಲ್ವಾ ಅಂತ ಅಲುಗಾಡಿಸಿ ನೋಡೋ ಪರೀಕ್ಷೆ ಬೇರೆ ಇತ್ತು ನಮಗೆ.”

ಸೆನ್ಸರನ್ನು ಮೇಲಿನ ತಟ್ಟೆಗೆ ಸರಿಸಿ, ಇನ್ಸುಲಿನ್ ಪೆಟ್ಟಿಗೆಗೆ ಅಂಟಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯೆಲ್ಲ ಅಂಕಿ 636ರಿಂದ 644ರ ನಡುವೆ ಅಲೆದಿತ್ತು. 638 ಅಂದರೆ ಮಂಜುಗಡ್ಡೆ. ಅದನ್ನು ದಾಟಿ ಮೇಲೆ ಹೋದರೆ ಸೊನ್ನೆಗಿಂತ ಕೆಳಗೆ. 644 ಅಂದರೆ ಮೈನಸ್ 2.6 ಡಿಗ್ರಿ. ಪ್ರತಿ ಸಲ ಕಂಪ್ರೆಸರ್ ಓಡಿದಾಗಲೂ ಆ ಮೂಲೆ ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತಿತ್ತು.

ಪೆಟ್ಟಿಗೆ ತೆಗೆದು ಬಾಟಲಿಯನ್ನು ಬೆಳಕಿಗೆ ಹಿಡಿದೆ. ಅಮ್ಮನದು ಮಿಕ್ಸ್ ಇನ್ಸುಲಿನ್, ಅಂಗೈ ನಡುವೆ ಮೆಲ್ಲಗೆ ಉರುಳಿಸಿದರೆ ಹಾಲಿನ ಹಾಗೆ ಒಂದೇ ಸಮ ಬೆಳ್ಳಗಾಗಬೇಕು. ಅದರಲ್ಲಿ ಸಣ್ಣ ಸಣ್ಣ ಬಿಳಿ ಕಣಗಳು ಗಾಜಿಗೆ ಅಂಟಿಕೊಂಡಿದ್ದವು.

ಆಮೇಲೆ ಫ್ರಿಜ್ಜಿನ ನಾಬ್ ನೋಡಿದೆ. 7ರಲ್ಲಿತ್ತು. ಸೆಖೆ ಶುರುವಾಯಿತು ಅಂತ ಮಾರ್ಚಿನಲ್ಲಿ ಅದನ್ನು 4ರಿಂದ 7ಕ್ಕೆ ತಿರುಗಿಸಿದವರು ಯಾರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ.

ತೀರ್ಪು

ಬಾಟಲಿ, ಗ್ರಾಫು ಎರಡನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಬಾಟಲಿಯನ್ನು ನೋಡಿದವರೇ ಎಸೆಯಿರಿ ಅಂದರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವ ಹಾಗಿಲ್ಲ, ಅದು ಎಷ್ಟು ಕೆಲಸ ಮಾಡುತ್ತದೆ ಅಂತ ನಂಬುವ ಹಾಗಿಲ್ಲ. ಕೆಲವು ಸಲ ಕಣ್ಣಿಗೆ ಏನೂ ಗೊತ್ತಾಗುವುದೂ ಇಲ್ಲ. ಶುಗರ್ ಏರಲು ಇದೊಂದೇ ಕಾರಣ ಅಂತ ಅವರು ಹೇಳಲಿಲ್ಲ. ಸೆಖೆ, ನಿದ್ದೆ, ಸೋಂಕು, ಸೂಜಿ ಚುಚ್ಚುವ ಜಾಗ ಎಲ್ಲವನ್ನೂ ವಿಚಾರಿಸಿದರು. ಹೊಸ ಬಾಟಲಿಗೆ ಅದೇ ಡೋಸ್ ಬರೆದು, ಈಗ ಔಷಧಿ ಸರಿಯಾಗಿ ಕೆಲಸ ಮಾಡುವುದರಿಂದ ಶುಗರ್ ತೀರಾ ಇಳಿಯದ ಹಾಗೆ ಮೊದಲ ವಾರ ಹೆಚ್ಚು ಸಲ ನೋಡಿಕೊಳ್ಳಿ ಅಂತ ಎಚ್ಚರಿಸಿದರು.

ಮೊದಲ ವಾರದ ಕೊನೆಗೆ 170. ಮೂರನೇ ವಾರ 138.

ಆ 138 ಕಂಡ ಬೆಳಿಗ್ಗೆ ನಾನು ಅಮ್ಮನ ಪಕ್ಕ ಕೂತು ಸಾರಿ ಅಂದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. “ಒಬ್ಬಟ್ಟು ಪಕ್ಕದ ಮನೆಗೆ ಕೊಟ್ಟಿದ್ದೆ. ಅವರನ್ನೇ ಕೇಳು” ಅಂದಳು. ಕೇಳಲಿಲ್ಲ. ಕೇಳದಿದ್ದರೂ ಆಂಟಿ ಡಬ್ಬಿ ವಾಪಸ್ ಕೊಡಲು ಬಂದಾಗ ತಾವೇ ಹೇಳಿದರು, “ನಿಮ್ಮಮ್ಮನ ಕೈ ಒಬ್ಬಟ್ಟು ಬಲು ಚೆನ್ನಾಗಿತ್ತು.”

ಆಫೀಸಿನಲ್ಲಿ ದಿನಾ ನಾನು ಮಾಡುವ ಕೆಲಸವೇ ತಪ್ಪು ಹುಡುಕುವುದು. ದೋಷ ಎಲ್ಲಿದೆಯೋ ಅಲ್ಲೇ ಅಳೆಯಬೇಕು, ಸುಲಭವಾಗಿ ಕೈಗೆ ಸಿಗುವ ಜಾಗದಲ್ಲಿ ಅಲ್ಲ ಅಂತ ಹೊಸಬರಿಗೆ ಪಾಠ ಹೇಳುವವಳು ನಾನು. ಮನೆಯಲ್ಲಿ ಹಾಲಿನ ಪಾತ್ರೆಯ ಪಕ್ಕ ಅಳೆದು ಅಮ್ಮನಿಗೆ ಶಿಕ್ಷೆ ಕೊಟ್ಟೆ. ಸೆನ್ಸರ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಪ್ರಶ್ನೆಯೇ ಬೇರೆಯದಾಗಿತ್ತು.

ಇದೇ ಲೆಕ್ಕ ನಿಮ್ಮ ಲ್ಯಾಪ್‌ಟಾಪಿನಲ್ಲೂ

ಈ ವಿದ್ಯೆ ಅಪ್ಪನ ಬಿಸ್ಕತ್ ಡಬ್ಬಿಯಲ್ಲಷ್ಟೇ ಇಲ್ಲ. ಲ್ಯಾಪ್‌ಟಾಪ್ ಬಿಸಿಯಾದಾಗ ಫ್ಯಾನು ಜೋರಾಗಿ ತಿರುಗುತ್ತದಲ್ಲ, ಅದಕ್ಕೆ ಸುಳಿವು ಕೊಡಲು ಪ್ರೊಸೆಸರುಗಳಲ್ಲಿ ಬಹಳ ಕಾಲದಿಂದ ಬಳಸುತ್ತಾ ಬಂದಿರುವುದು ಇಂಥದೇ ಒಂದು ಸಂಧಿಯನ್ನು. ಅಲ್ಲಿ ಒಂದು ಜಾಣತನ ಸೇರಿಸುತ್ತಾರೆ. ಒಂದೇ ಟ್ರಾನ್ಸಿಸ್ಟರಿನಲ್ಲಿ ಮೊದಲು ಸಣ್ಣ ಕರೆಂಟ್, ಆಮೇಲೆ ಅದರ ಹತ್ತರಷ್ಟು ಕರೆಂಟ್ ಹರಿಸಿ, ಎರಡು ವೋಲ್ಟೇಜುಗಳ ವ್ಯತ್ಯಾಸ ಮಾತ್ರ ನೋಡುತ್ತಾರೆ. 27 ಡಿಗ್ರಿಯಲ್ಲಿ ಆ ವ್ಯತ್ಯಾಸ ಸುಮಾರು 59.5 ಮಿಲಿವೋಲ್ಟ್, ಡಿಗ್ರಿಗೆ ಸುಮಾರು 0.2 ಮಿಲಿವೋಲ್ಟಿನಂತೆ ಏರುತ್ತದೆ. ಕಳೆಯುವಾಗ ಆಯಾ ಟ್ರಾನ್ಸಿಸ್ಟರಿನ ಸ್ವಂತ ಗುಣ ಬಹುತೇಕ ಹೊರಟುಹೋಗುವುದರಿಂದ ಒಂದೊಂದನ್ನೂ ಮಂಜುಗಡ್ಡೆಯಲ್ಲಿ ಮುಳುಗಿಸಿ ನೋಡುವ ಕೆಲಸವಿಲ್ಲ.

ಅಂಗಡಿಯಲ್ಲಿ ಸಿಗುವ ಎಲ್‌ಎಂ 35 ಎಂಬ ಸೆನ್ಸರ್ ಕೂಡ ಟ್ರಾನ್ಸಿಸ್ಟರಿನ ಇದೇ ಗುಣವನ್ನು ಪಳಗಿಸಿಕೊಂಡದ್ದು. ಅದು ಡಿಗ್ರಿಗೆ ನೇರವಾಗಿ 10 ಮಿಲಿವೋಲ್ಟ್ ಕೊಡುತ್ತದೆ. ಕುತೂಹಲಕ್ಕೆ, ಮಕ್ಕಳಿಗೆ ತೋರಿಸಲಿಕ್ಕೆ ಬಿಸಿ 547ರಲ್ಲಿ ಖಂಡಿತ ಮಾಡಿ. ಔಷಧಿ ಕಾಯಲಿಕ್ಕೆ ಮಾತ್ರ ಒಂದು ಫ್ರಿಜ್ ಥರ್ಮಾಮೀಟರ್ ಕೊಂಡುಬಿಡಿ. ನಾವೂ ಆಮೇಲೆ ಕೊಂಡೆವು. ಎರಡರ ನಡುವೆ ಒಂದು ಡಿಗ್ರಿ ಕೂಡ ವ್ಯತ್ಯಾಸ ಬರಲಿಲ್ಲ ಅಂತ ಅಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ.

ಮನೆಯಲ್ಲಿ ಇನ್ಸುಲಿನ್ ಇದ್ದರೆ

ಫ್ರೀಜರಿನಲ್ಲಿ, ಅದರ ಕೆಳಗಿನ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ತಾಗಿಸಿ ಇಡಬೇಡಿ. ನಡುವಿನ ತಟ್ಟೆಯಲ್ಲಿ ಪೆಟ್ಟಿಗೆಯ ಸಮೇತ ಇಡಿ. ಬೇಸಿಗೆ ಬಂತು ಅಂತ ನಾಬನ್ನು ಕೊನೆಯವರೆಗೆ ತಿರುಗಿಸಬೇಡಿ. ತಿರುಗಿಸಿದರೆ ಮಾರನೇ ದಿನ ಒಳಗೆ ಎಷ್ಟಿದೆ ಅಂತ ಔಷಧಿ ಇರುವ ಜಾಗದಲ್ಲೇ ಅಳೆಯಿರಿ. ಕರೆಂಟ್ ಹೋದಾಗ ಬಾಗಿಲು ಮುಚ್ಚಿಯೇ ಇರಲಿ.

ಬಳಸುತ್ತಿರುವ ಬಾಟಲಿ ಅಥವಾ ಪೆನ್ನನ್ನು ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಹೊರಗೂ ಇಡಬಹುದು, ಆದರೆ ಎಷ್ಟು ಡಿಗ್ರಿಯೊಳಗೆ, ಎಷ್ಟು ದಿನ ಅನ್ನುವುದು ಔಷಧಿಯಿಂದ ಔಷಧಿಗೆ ಬೇರೆ. ಜೊತೆಗಿರುವ ಚೀಟಿ ಓದಿ, ಡಾಕ್ಟರನ್ನು ಕೇಳಿ. ಫ್ರಿಜ್ಜಿಲ್ಲದ ಮನೆಗಳಿಗೆ ನಮ್ಮ ಹಳೇ ಮಣ್ಣಿನ ಮಡಕೆ ಇದೆ. ಶಿವಾಜಿನಗರದಿಂದ ತಂದ ಒಂದು ಮಡಕೆಯ ಸುತ್ತ ಒದ್ದೆ ಬಟ್ಟೆ ಸುತ್ತಿ, ಒಳಗೆ ಒಣಗಿದ ಡಬ್ಬಿಯಲ್ಲಿ ನಮ್ಮ ಸೆನ್ಸರ್ ಇಟ್ಟು ನೋಡಿದೆ. ಹೊರಗೆ 563 ಇದ್ದಾಗ ಒಳಗೆ 579, ಅಂದರೆ ಹೊರಗೆ 33, ಒಳಗೆ 26 ಡಿಗ್ರಿ. ನೀರು ಆರುವಾಗ ಶಾಖ ಹೀರಿಕೊಳ್ಳುತ್ತದೆ, ಕರೆಂಟಿನ ಹಂಗಿಲ್ಲ. ಗಾಳಿ ಒಣಗಿದ್ದಷ್ಟೂ ಚೆನ್ನಾಗಿ ತಣ್ಣಗಾಗುತ್ತದೆ, ಮಳೆಗಾಲದಲ್ಲಿ ಅಷ್ಟು ಆಗುವುದಿಲ್ಲ.

ಕೆನ್ಯಾದ ದದಾಬ್ ನಿರಾಶ್ರಿತರ ಶಿಬಿರದ ತಾಪಮಾನವನ್ನು ಅಳೆದು, 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಅದೇ ಬಿಸಿಯಲ್ಲಿ ಇನ್ಸುಲಿನ್ನನ್ನು ನಾಲ್ಕು ವಾರ ಇಟ್ಟು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಗಡಿಗಳಿಲ್ಲದ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಮಾಡಿದ್ದು. ಆ ಇನ್ಸುಲಿನ್ ತನ್ನ ಶಕ್ತಿ ಉಳಿಸಿಕೊಂಡಿತ್ತು. ಅದನ್ನು ಓದಿ ಯಾರೂ ಔಷಧಿಯನ್ನು ಬಿಸಿಲಿಗಿಡಬೇಕಾಗಿಲ್ಲ. ಸೆಖೆಗೆ ಹೆದರಿ ಹೆಪ್ಪುಗಟ್ಟಿಸುವುದು ಬೇಡ ಅಂತ ಹೇಳಲಿಕ್ಕೆ ಬರೆದೆ, ಅಷ್ಟೆ.

ನಮ್ಮ ಫ್ರಿಜ್ಜಿನ ನಾಬ್ ಈಗ 4ರಲ್ಲಿದೆ. ಇನ್ಸುಲಿನ್ ನಡುವಿನ ತಟ್ಟೆಗೆ ಇಳಿದಿದೆ. ವೈರು ಇನ್ನೂ ಬಾಗಿಲಿನಿಂದ ಇಳಿಬಿದ್ದೇ ಇದೆ, ತೆಗೆಯಲು ಅಮ್ಮ ಬಿಡುವುದಿಲ್ಲ. ಬೆಳಿಗ್ಗೆ ಹಾಲು ತೆಗೆಯುವಾಗ ಮೀಟರ್ ನೋಡಿ, “626, ಇವತ್ತು ಐದು ಡಿಗ್ರಿ” ಅಂತ ತಾನೇ ಲೆಕ್ಕ ಹಾಕಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾಳೆ. ಅದರ ಕೆಳಗೆ ಶುಗರ್. ಮುಂದಿನ ಸಲ ಆ ಅಂಕಿ ಏರಿದರೆ ಒಬ್ಬಟ್ಟಿನ ಡಬ್ಬಿ ಎಣಿಸುವ ಮೊದಲು ನಾನು ಆ ಕ್ಯಾಲೆಂಡರ್ ನೋಡುತ್ತೇನೆ.